ಕೆಸರಿನಲ್ಲಿ ಚರಿತ್ರೆ ಓದಿದ ಹಚಿನ್ಸನ್

ರಮಝಾನ್ ತಿಂಗಳು ಬರುವ ಮುಂಚೆ ಹಳೆಯ ಮಸೀದಿಗಳ ಹೌಝ್ ಖಾಲಿ ಮಾಡಿ ತೊಳೆಯುವುದನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ಚಿಕ್ಕಂದಿನಲ್ಲಿ ಬಾಲ್ದಿ ಹಿಡಿದು ಕೈಜೋಡಿಸಿದವರೂ ಇದ್ದಾರೆ. ನೀರು ಇಳಿದ ಮೇಲೆ ತಳದಲ್ಲಿ ಒಂದಷ್ಟು ಕೆಸರು ಕಾಣುತ್ತದೆ. ಮೇಲಿನದು ಹಸಿರು, ಅದರ ಕೆಳಗಿನದು ಕಪ್ಪು. ಬಿದ್ದ ಎಲೆ, ಗಾಳಿ ತಂದ ಧೂಳು, ಸತ್ತ ಪಾಚಿ ಎಲ್ಲವೂ ಅಲ್ಲಿ ಒಂದರ ಮೇಲೊಂದು ಕೂತಿರುತ್ತವೆ. ನಾವು ಅದನ್ನು ಬಾಚಿ ತೆಂಗಿನ ಬುಡಕ್ಕೆ ಸುರಿದು ಕೈ ತೊಳೆದುಕೊಳ್ಳುತ್ತೇವೆ. ಯಾರೂ ಬಾಚದೆ ಬಿಟ್ಟ ಸರೋವರದಲ್ಲಿ ಇಂತಹದೇ ಕೆಸರು ಸಾವಿರಾರು ವರ್ಷ ಕೂಡುತ್ತಾ ಹೋಗುತ್ತದೆ. ಅದನ್ನು ಪುಸ್ತಕದಂತೆ ಓದಲು ಕಲಿತು, ಒಂದು ಇಡೀ ತಲೆಮಾರಿಗೆ ಕಲಿಸಿದವರು ಜಾರ್ಜ್ ಈವ್ಲಿನ್ ಹಚಿನ್ಸನ್.

ಪಿಯುಸಿ ಜೀವಶಾಸ್ತ್ರದಲ್ಲಿ ನಿಶ್ ಎಂಬ ಪದವನ್ನು ಓದಿದ ವಿದ್ಯಾರ್ಥಿಗಳಿಗೆ ಈ ಹೆಸರು ಪರಿಚಯವಿರಬಹುದು. ಒಂದು ಜೀವಿ ಪ್ರಕೃತಿಯಲ್ಲಿ ಹಿಡಿದಿರುವ ಸ್ಥಾನವನ್ನು ಗಣಿತದ ಭಾಷೆಯಲ್ಲಿ ಹೇಳಿದವರು ಅವರೇ, 1957ರಲ್ಲಿ. ಆಧುನಿಕ ಪರಿಸರ ವಿಜ್ಞಾನದ ಪಿತಾಮಹ ಎಂದು ಅನೇಕರು ಅವರನ್ನು ಕರೆಯುತ್ತಾರೆ. ಆದರೆ ಈ ಲೇಖನ ಮುಖ್ಯವಾಗಿ ಅವರ ಕೆಸರಿನ ಕೆಲಸದ ಬಗ್ಗೆ. ಏಕೆಂದರೆ ಕೆರೆ ಕೆಟ್ಟರೆ ಅದಕ್ಕೆ ಹೊಣೆ ಯಾರು ಎಂಬ ಪ್ರಶ್ನೆಗೆ ಉತ್ತರ ಬಂದದ್ದು ಆ ಕೆಸರಿನಿಂದ.

ಹಚಿನ್ಸನ್ ಹುಟ್ಟಿದ್ದು 1903ರ ಜನವರಿ 30ರಂದು, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ. ತಂದೆ ಆರ್ಥರ್ ಹಚಿನ್ಸನ್ ಅದೇ ವಿಶ್ವವಿದ್ಯಾಲಯದಲ್ಲಿ ಖನಿಜಶಾಸ್ತ್ರದ ಪ್ರಾಧ್ಯಾಪಕರು. ಮನೆಯಲ್ಲಿ ಕಲ್ಲುಗಳ ಮಾತು, ಹೊರಗೆ ಹಳ್ಳ ಕೊಳ್ಳ. ಹುಡುಗ ನೀರಿನ ಹುಳುಗಳನ್ನು ಹಿಡಿದು ತಂದು ಸಾಕುತ್ತಿದ್ದ. ಹದಿನೈದನೇ ವಯಸ್ಸಿನಲ್ಲೇ, 1918ರಲ್ಲಿ, ನೀರಿನಲ್ಲಿ ಈಜುವ ಒಂದು ಮಿಡತೆಯ ಬಗ್ಗೆ ಅವರ ಪುಟ್ಟ ಟಿಪ್ಪಣಿ ಕೀಟಶಾಸ್ತ್ರದ ಪತ್ರಿಕೆಯಲ್ಲಿ ಅಚ್ಚಾಯಿತು. ಮುಂದೆ ಕೇಂಬ್ರಿಜ್‌ನ ಎಮಾನ್ಯುಯೆಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿ ಪದವಿ ಪಡೆದರು. ಅಲ್ಲಿಗೆ ಅವರ ಔಪಚಾರಿಕ ವಿದ್ಯಾಭ್ಯಾಸ ಮುಗಿಯಿತು. ಹತ್ತಾರು ಮಂದಿಗೆ ಡಾಕ್ಟರೇಟ್ ಮಾಡಿಸಿದ ಈ ಗುರು ಸ್ವತಃ ಪಿಎಚ್‌ಡಿ ಮಾಡಲೇ ಇಲ್ಲ.

ಆರಂಭದ ವರ್ಷಗಳು ಸೋಲಿನವು. ಇಟಲಿಯ ನೇಪಲ್ಸ್‌ನ ಸಮುದ್ರ ಪ್ರಯೋಗಾಲಯಕ್ಕೆ ಹೋಗಿ ಆಕ್ಟೋಪಸ್‌ನ ಒಂದು ಗ್ರಂಥಿಯನ್ನು ಅಭ್ಯಸಿಸಲು ಹೊರಟರು, ಕೆಲಸ ಕೈಗೂಡಲಿಲ್ಲ. 1926ರಲ್ಲಿ ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್‌ನಲ್ಲಿ ಅಧ್ಯಾಪಕರಾದರು. ಅಲ್ಲಿ ವಿಭಾಗದ ಮುಖ್ಯಸ್ಥರ ಜೊತೆ ಹೊಂದಿಕೆಯಾಗದೆ ಪಾಠ ಮಾಡುವ ಕೆಲಸದಿಂದಲೇ ಅವರನ್ನು ದೂರವಿಡಲಾಯಿತು. ಬೇರೊಬ್ಬರಾಗಿದ್ದರೆ ಹಡಗು ಹತ್ತಿ ಊರಿಗೆ ಮರಳುತ್ತಿದ್ದರೋ ಏನೋ. ಹಚಿನ್ಸನ್ ಮತ್ತು ಅವರ ಮೊದಲ ಪತ್ನಿ, ಸ್ವತಃ ಜೀವವಿಜ್ಞಾನಿಯಾಗಿದ್ದ ಗ್ರೇಸ್ ಪಿಕ್‌ಫರ್ಡ್, ಸಿಕ್ಕ ಬಿಡುವಿನಲ್ಲಿ ಆ ಸೀಮೆಯ ಪ್ಯಾನ್ ಎಂದು ಕರೆಯುವ ಆಳವಿಲ್ಲದ ಕೆರೆಗಳನ್ನು ಸುತ್ತತೊಡಗಿದರು. ಮಳೆಗೆ ತುಂಬಿ ಬಿಸಿಲಿಗೆ ಒಣಗುವ ಕೆರೆಗಳು. ಪಕ್ಕಪಕ್ಕದಲ್ಲಿದ್ದರೂ ಒಂದರ ನೀರಿನಂತೆ ಇನ್ನೊಂದರದ್ದಲ್ಲ, ಒಂದರ ಜೀವಿಗಳು ಇನ್ನೊಂದರಲ್ಲಿ ಇಲ್ಲ. ನೀರಿನ ರಸಾಯನವೂ ಜೀವಿಗಳ ಬದುಕೂ ಒಂದೇ ಬಟ್ಟೆಯ ಹಾಸು ಹೊಕ್ಕು ಎಂಬುದು ಅವರಿಗೆ ಮನದಟ್ಟಾದದ್ದು ಅಲ್ಲಿ. ಕೆಲಸ ಕಳೆದುಕೊಂಡ ಊರಿನಲ್ಲೇ ಜೀವನದ ಕೆಲಸ ಸಿಕ್ಕಿತು.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಫೆಲೋಶಿಪ್‌ಗೆ ಅರ್ಜಿ ಹಾಕುವ ಹೊತ್ತಿಗೆ ಅವಧಿ ಮೀರಿತ್ತು. ಆದರೆ ಅಲ್ಲೊಂದು ಬೋಧಕ ಹುದ್ದೆ ಖಾಲಿಯಿತ್ತು. 1928ರಲ್ಲಿ ಅದಕ್ಕೆ ಸೇರಿದ ಹಚಿನ್ಸನ್ 1971ರಲ್ಲಿ ನಿವೃತ್ತರಾಗುವವರೆಗೂ ಯೇಲ್ ಬಿಡಲಿಲ್ಲ.

ಭಾರತದ ಜೊತೆ ಅವರ ನಂಟು 1932ರದ್ದು. ಹೆಲ್ಮುಟ್ ಡಿ ಟೆರ್ರಾ ಅವರ ನೇತೃತ್ವದ ಯೇಲ್ ಉತ್ತರ ಭಾರತ ಯಾತ್ರೆಯಲ್ಲಿ ಹಚಿನ್ಸನ್ ಜೀವವಿಜ್ಞಾನಿಯಾಗಿ ಬಂದರು. ಲಡಾಖ್‌ನ ಪ್ಯಾಂಗೊಂಗ್ ಮುಂತಾದ ಸರೋವರಗಳು ಸಮುದ್ರ ಮಟ್ಟದಿಂದ ನಾಲ್ಕು ಸಾವಿರ ಮೀಟರಿಗೂ ಮೇಲಿವೆ. ಉಸಿರಾಡುವುದೇ ಕಷ್ಟವಾದ ಆ ಎತ್ತರದಲ್ಲಿ ನೀರಿನ ಮಾದರಿ ತೆಗೆದು, ಉಪ್ಪಿನ ಅಂಶ ಅಳೆದು, ಸೂಕ್ಷ್ಮ ಜೀವಿಗಳನ್ನು ಎಣಿಸಿದರು. ದಡದ ಗುಡ್ಡಗಳ ಮೇಲೆ ಮೆಟ್ಟಿಲಿನಂತೆ ಕಾಣುವ ಹಳೆಯ ತೀರದ ಗುರುತುಗಳು ನೀರು ಹಿಂದೊಮ್ಮೆ ಎಷ್ಟು ಮೇಲಿತ್ತು ಎಂಬುದನ್ನು ಹೇಳುತ್ತಿದ್ದವು. ಆ ಪ್ರವಾಸದ ನೆನಪುಗಳನ್ನು ಅವರು 1936ರಲ್ಲಿ ದಿ ಕ್ಲಿಯರ್ ಮಿರರ್ ಎಂಬ ಪುಸ್ತಕವಾಗಿ ಪ್ರಕಟಿಸಿದರು.

ಯೇಲ್‌ಗೆ ಮರಳಿದ ಮೇಲೆ ಅವರು ಆರಿಸಿಕೊಂಡದ್ದು ಹತ್ತಿರದಲ್ಲೇ ಇದ್ದ, ಯಾರೂ ಹೆಸರು ಕೇಳಿರದ ಲಿನ್ಸ್‌ಲಿ ಪಾಂಡ್ ಎಂಬ ಪುಟ್ಟ ಕೆರೆಯನ್ನು. ಕನೆಕ್ಟಿಕಟ್ ರಾಜ್ಯದ ನಾರ್ತ್ ಬ್ರಾನ್‌ಫರ್ಡ್‌ನಲ್ಲಿರುವ ಇದರ ವಿಸ್ತೀರ್ಣ ಸುಮಾರು 9 ಹೆಕ್ಟೇರ್, ಆಳ ಸುಮಾರು 15 ಮೀಟರ್. ದೊಡ್ಡ ವಿಜ್ಞಾನಕ್ಕೆ ದೊಡ್ಡ ಸರೋವರ ಬೇಕು ಎಂದು ಭಾವಿಸುವವರು ಇದನ್ನು ಗಮನಿಸಬೇಕು. ಕೊಳವೆಯನ್ನು ತಳದ ಕೆಸರಿಗೆ ಒತ್ತಿ ಮೇಲೆತ್ತಿದರೆ ಒಳಗೆ ಉದ್ದನೆಯ ಕೆಸರಿನ ಕಂಬ ಬರುತ್ತದೆ. ಮೇಲಿನ ತುದಿ ಇಂದಿನದು, ಕೆಳಗಿನ ತುದಿ ಹಿಮಯುಗ ಮುಗಿದ ಕಾಲದ್ದು. ಅದನ್ನು ಹೋಳು ಹೋಳಾಗಿ ಕತ್ತರಿಸಿ 1940ರ ಹೊತ್ತಿಗೆ ಹಚಿನ್ಸನ್ ರಾಸಾಯನಿಕ ವಿಶ್ಲೇಷಣೆ ಪ್ರಕಟಿಸಿದರು. ಅವರ ಶಿಷ್ಯ ಎಡ್ವರ್ಡ್ ಡೀವಿ ಅದೇ ಕೆಸರಿನಲ್ಲಿ ಮರಗಳ ಪರಾಗ ಮತ್ತು ಹುಳುಗಳ ತಲೆಯ ಕವಚಗಳನ್ನು ಹುಡುಕಿದರು. ರುತ್ ಪ್ಯಾಟ್ರಿಕ್ ಎಂಬ ವಿಜ್ಞಾನಿ ಡಯಾಟಮ್ ಎಂಬ ಪಾಚಿಯ ಗಾಜಿನಂಥ ಚಿಪ್ಪುಗಳನ್ನು ಎಣಿಸಿದರು.

ಇಲ್ಲಿ ಒಂದು ಮಾತು ವಿವರಿಸಬೇಕು. ನೀರಿಗೆ ಸಾರಜನಕ ಮತ್ತು ರಂಜಕ, ಅಂದರೆ ನೈಟ್ರೋಜನ್ ಮತ್ತು ಫಾಸ್ಫರಸ್, ಹೆಚ್ಚಾಗಿ ಸೇರಿದರೆ ಪಾಚಿ ಮಿತಿಮೀರಿ ಬೆಳೆಯುತ್ತದೆ. ಗದ್ದೆಗೆ ಗೊಬ್ಬರ ಹಾಕಿದ ಹಾಗೆಯೇ. ಪಾಚಿ ಸತ್ತು ತಳಕ್ಕೆ ಬಿದ್ದು ಕೊಳೆಯುವಾಗ ನೀರಿನ ಆಮ್ಲಜನಕ ಮುಗಿಯುತ್ತದೆ, ಮೀನು ಸಾಯುತ್ತದೆ. ಆಮ್ಲಜನಕ ಇಲ್ಲದ ತಳದಲ್ಲಿ ಕಬ್ಬಿಣ ಹಿಡಿದಿಟ್ಟುಕೊಂಡಿದ್ದ ರಂಜಕ ಮತ್ತೆ ನೀರಿಗೆ ಬಿಡುಗಡೆಯಾಗುತ್ತದೆ, ಪಾಚಿ ಇನ್ನಷ್ಟು ಬೆಳೆಯುತ್ತದೆ. ಇದನ್ನು ಯೂಟ್ರೊಫಿಕೇಶನ್ ಎನ್ನುತ್ತಾರೆ. ಪೋಷಕಾಂಶವೇ ವಿಷವಾಗುವ ಮಾಲಿನ್ಯ ಇದು.

ಲಿನ್ಸ್‌ಲಿ ಕೆಸರನ್ನು ನೋಡಿದ ಹಚಿನ್ಸನ್ ಮತ್ತು ಅವರ ಶಿಷ್ಯರು ಅಂದು ತೆಗೆದ ನಿರ್ಣಯ ಹೀಗಿತ್ತು: ಸರೋವರ ಹುಟ್ಟುವಾಗ ಬಡವಾಗಿರುತ್ತದೆ, ಮಗು ಬೆಳೆದಂತೆ ತಾನಾಗಿಯೇ ಫಲವತ್ತಾಗುತ್ತಾ ಹೋಗಿ, ಒಂದು ಹಂತದಲ್ಲಿ ನಿಲ್ಲುತ್ತದೆ. ಕೆರೆಯ ಫಲವತ್ತತೆ ಅದರ ವಯಸ್ಸಿನ ಲಕ್ಷಣ ಎಂಬುದು ಆ ಕಾಲದ ಸಾಮಾನ್ಯ ತಿಳಿವಳಿಕೆಯೂ ಆಗಿತ್ತು. ಕೇಳಲು ಸರಳ. ಆದರೆ ಇದರಲ್ಲಿ ಒಂದು ಅಪಾಯ ಅಡಗಿದೆ. ಹಸಿರುಗಟ್ಟುವುದು ಕೆರೆಯ ಮುಪ್ಪು ಎಂದಾದರೆ ಯಾರನ್ನೂ ಪ್ರಶ್ನಿಸುವಂತಿಲ್ಲ. ಮುಪ್ಪಿಗೆ ಮದ್ದಿಲ್ಲ ಎಂದು ಪುರಸಭೆಯೂ ಕಾರ್ಖಾನೆಯೂ ಕೈಚೆಲ್ಲಿ ಕೂರಬಹುದು.

ಈ ನಡುವೆ ನಡೆದ ಒಂದು ಘಟನೆ ಗುರುಗಳಾಗಿ ಅವರು ಎಂಥವರು ಎಂಬುದನ್ನು ತೋರಿಸುತ್ತದೆ. 1941ರಲ್ಲಿ ರೇಮಂಡ್ ಲಿಂಡ್‌ಮನ್ ಎಂಬ ತರುಣ ಮಿನ್ನೆಸೋಟ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಮುಗಿಸಿ ಯೇಲ್‌ಗೆ ಬಂದ. ಒಂದು ಜೌಗು ಕೆರೆಯಲ್ಲಿ ಸೂರ್ಯನ ಶಕ್ತಿ ಪಾಚಿಗೆ, ಪಾಚಿಯಿಂದ ಹುಳಕ್ಕೆ, ಹುಳದಿಂದ ಮೀನಿಗೆ ಹೇಗೆ ದಾಟುತ್ತದೆ, ಪ್ರತಿ ದಾಟಿಗೆ ಎಷ್ಟು ಸೋರಿಹೋಗುತ್ತದೆ ಎಂದು ಲೆಕ್ಕ ಹಾಕಿದ್ದ. ಇಂದು ಹೈಸ್ಕೂಲ್ ಪುಸ್ತಕದಲ್ಲಿರುವ ಆಹಾರ ಸರಪಳಿಯ ಶಕ್ತಿ ಲೆಕ್ಕದ ಮೂಲ ಅದೇ. ಆದರೆ ಇಕಾಲಜಿ ಪತ್ರಿಕೆಯ ಪರವಾಗಿ ಅದನ್ನು ಪರಿಶೀಲಿಸಿದ ಇಬ್ಬರು ಹಿರಿಯ ಸರೋವರ ವಿಜ್ಞಾನಿಗಳು, ಇದರಲ್ಲಿ ಸಿದ್ಧಾಂತ ಹೆಚ್ಚಾಯಿತು, ದತ್ತಾಂಶ ಸಾಲದು ಎಂದು ಪ್ರಕಟಿಸಬಾರದೆಂದರು. ಹಚಿನ್ಸನ್ ಸಂಪಾದಕರಿಗೆ ವಿವರವಾದ ಪತ್ರ ಬರೆದು ವಾದಿಸಿದರು. ಸಂಪಾದಕರು ಒಪ್ಪಿದರು. ದೀರ್ಘಕಾಲದಿಂದ ಅನಾರೋಗ್ಯದಲ್ಲಿದ್ದ ಲಿಂಡ್‌ಮನ್ 1942ರ ಜೂನ್‌ನಲ್ಲಿ, 27 ತುಂಬುವ ಮುನ್ನವೇ ತೀರಿಕೊಂಡ. ಲೇಖನ ಅಚ್ಚಾದದ್ದು ಅಕ್ಟೋಬರ್‌ನಲ್ಲಿ. ಅದರ ಕೊನೆಯಲ್ಲಿ ಹಚಿನ್ಸನ್ ಆ ತರುಣನ ಬಗ್ಗೆ ಕೆಲವು ಸಾಲುಗಳನ್ನು ಸೇರಿಸಿದ್ದರು.

1946ರ ಬೇಸಿಗೆಯಲ್ಲಿ ಹಚಿನ್ಸನ್ ಮತ್ತು ಅವರ ಸಹೋದ್ಯೋಗಿ ವಾನ್ ಬೋವೆನ್ ಲಿನ್ಸ್‌ಲಿ ಕೆರೆಯ ಮೇಲ್ಮೈಗೆ ಅಲ್ಪ ಪ್ರಮಾಣದ ವಿಕಿರಣಶೀಲ ರಂಜಕ ಬೆರೆಸಿ ಅದು ಎಲ್ಲಿಗೆ ಹೋಗುತ್ತದೆ ಎಂದು ಹಿಂಬಾಲಿಸಿದರು. ಕೆಲವೇ ದಿನಗಳಲ್ಲಿ ಅದು ಜೀವಿಗಳೊಳಗೆ ಸೇರಿ ಕೆಳಗಿನ ನೀರಿಗೂ ಇಳಿದಿತ್ತು. ನಾವು ಕೆರೆಗೆ ಬಿಟ್ಟದ್ದು ಕರಗಿ ಮಾಯವಾಗುತ್ತದೆ ಎಂಬುದು ಭ್ರಮೆ, ಅದು ಜೀವಿಗಳಲ್ಲಿ ಸುತ್ತುತ್ತದೆ, ಒಂದು ಪಾಲು ಕೆಸರಿಗೆ ಸೇರುತ್ತದೆ ಎಂಬುದಕ್ಕೆ ಇದು ನೇರ ಸಾಕ್ಷಿಯಾಯಿತು.

ಇಂಗಾಲದ ಸಮಸ್ಥಾನಿಗಳ, ಅಂದರೆ ಐಸೊಟೋಪ್‌ಗಳ ಕಥೆ ಶುರುವಾಗುವುದು ಇದರ ನಂತರ. ಪ್ರಕೃತಿಯ ಇಂಗಾಲದಲ್ಲಿ ನೂರಕ್ಕೆ ಸುಮಾರು 99 ಪಾಲು ಹಗುರವಾದ ಕಾರ್ಬನ್-12, ಸುಮಾರು ಒಂದು ಪಾಲು ಸ್ವಲ್ಪ ಭಾರವಾದ ಕಾರ್ಬನ್-13. ಇವೆರಡೂ ಸ್ಥಿರ. ತೀರಾ ಅಲ್ಪವಾಗಿರುವ ಕಾರ್ಬನ್-14 ಮಾತ್ರ ಕಾಲಕ್ರಮೇಣ ಕ್ಷಯಿಸುತ್ತದೆ, ಅದರಿಂದ ವಯಸ್ಸು ಹೇಳಬಹುದು. 1950ರ ದಶಕದ ಆರಂಭದಲ್ಲಿ ಯೇಲ್‌ನಲ್ಲಿ ಇದಕ್ಕಾಗಿ ಪ್ರಯೋಗಾಲಯ ಸ್ಥಾಪನೆಯಾಯಿತು, ಡೀವಿ ಅದನ್ನು ಮುನ್ನಡೆಸಿದರು. 1954ರಲ್ಲಿ ಡೀವಿ, ಹಚಿನ್ಸನ್ ಮತ್ತು ಸಂಗಡಿಗರು ಒಂದು ಎಚ್ಚರಿಕೆಯ ಮಾತನ್ನು ಪ್ರಕಟಿಸಿದರು. ಸುಣ್ಣಕಲ್ಲಿನ ಸೀಮೆಯ ಕೆರೆಗಳಲ್ಲಿ ಜೀವಂತ ಗಿಡಗಳೇ ಶತಮಾನಗಳಷ್ಟು ಹಳೆಯವು ಎಂಬಂತೆ ಲೆಕ್ಕ ಕೊಡುತ್ತವೆ, ಏಕೆಂದರೆ ಅವು ಕಲ್ಲಿನಿಂದ ಕರಗಿದ ಪುರಾತನ ಇಂಗಾಲವನ್ನೂ ಹೀರಿರುತ್ತವೆ. ಯಂತ್ರ ಹೇಳಿದ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬಬೇಡಿ ಎಂದ ಹಾಗಾಯಿತು. ಕೆಸರಿನ ವಯಸ್ಸು ಹೇಳುವವರು ಇಂದಿಗೂ ಈ ತಿದ್ದುಪಡಿಯನ್ನು ಮರೆಯುವಂತಿಲ್ಲ.

1960ರಲ್ಲಿ ಜಪಾನಿನ ಶಿನ್ಯಾ ಓಆನಾ ಮತ್ತು ಡೀವಿ ಕೆರೆ ನೀರಿನ ಕಾರ್ಬನ್-13ರ ಬಗ್ಗೆ ಬರೆದು, ಕೆರೆಯ ಭೂತಕಾಲ ತಿಳಿಯಲು ಇದು ನೆರವಾದೀತು ಎಂಬ ಸಾಧ್ಯತೆಯನ್ನು ಮುಂದಿಟ್ಟರು. ತರ್ಕ ಕಷ್ಟದ್ದಲ್ಲ. ಪಾಚಿಗೆ ಹಗುರ ಇಂಗಾಲವೆಂದರೆ ಇಷ್ಟ. ಮದುವೆ ಊಟದಲ್ಲಿ ಮೊದಲ ಪಂಕ್ತಿಯವರು ಬಿರಿಯಾನಿಯ ಒಳ್ಳೆಯ ತುಂಡುಗಳನ್ನು ಆರಿಸಿಕೊಂಡ ಹಾಗೆ ಅದು ಕಾರ್ಬನ್-12 ಅನ್ನು ಮೊದಲು ಎತ್ತಿಕೊಳ್ಳುತ್ತದೆ. ಪಾಚಿ ಕಡಿಮೆ ಇದ್ದರೆ ಎಲ್ಲರಿಗೂ ಆರಿಸಿಕೊಳ್ಳಲು ಅವಕಾಶ. ಗೊಬ್ಬರ ಸೇರಿ ಪಾಚಿ ಉಕ್ಕಿದಾಗ ಮೇಲಿನ ನೀರಿನಲ್ಲಿ ಹಗುರ ಇಂಗಾಲ ತೀರುತ್ತಾ ಬಂದು, ಉಳಿದ ಭಾರದ್ದನ್ನೇ ತಿನ್ನಬೇಕಾಗುತ್ತದೆ. ಆಗ ಬೆಳೆದ ಪಾಚಿಯ ದೇಹದಲ್ಲಿ ಕಾರ್ಬನ್-13 ಹೆಚ್ಚಿರುತ್ತದೆ. ಅದು ಸತ್ತು ಕೆಸರಾದಾಗ ಆ ಲೆಕ್ಕ ಅಲ್ಲೇ ದಾಖಲಾಗಿ ಉಳಿಯುತ್ತದೆ. ಅಂದರೆ ಒಂದು ಪದರದಲ್ಲಿ ಭಾರದ ಇಂಗಾಲ ಏರಿದ್ದರೆ, ಆ ವರ್ಷಗಳಲ್ಲಿ ಕೆರೆಗೆ ಪೋಷಕಾಂಶ ಹೆಚ್ಚು ಹರಿದಿತ್ತು ಎಂದು ಸಂಶಯಿಸಬಹುದು. ಸಂಶಯ ಎಂದೇ ಹೇಳಬೇಕು, ಏಕೆಂದರೆ ದಡದ ಮಣ್ಣಿನಿಂದ ತೊಳೆದುಬಂದ ಎಲೆಕಸದ ಇಂಗಾಲವೂ ಅದರಲ್ಲಿ ಬೆರೆತಿರುತ್ತದೆ.

ಹಚಿನ್ಸನ್ ಅವರ ಕೆಸರಿನ ಕೆಲಸದಲ್ಲಿ ಅತ್ಯಂತ ದೊಡ್ಡದು ಇಟಲಿಯದ್ದು. ರೋಮ್ ನಗರದ ಉತ್ತರಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ಮೊಂಟೆರೋಸಿ ಎಂಬ ಸಣ್ಣ ಸರೋವರವಿದೆ. ಜ್ವಾಲಾಮುಖಿಯ ಬಾಯಿಯಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಉಂಟಾದದ್ದು. ಉರ್ಸುಲಾ ಕೌಗಿಲ್ ಮತ್ತಿತರ ಅನೇಕರ ಜೊತೆಗೂಡಿ ಹಚಿನ್ಸನ್ ಅದರ ತಳದ ಕೆಸರನ್ನು ರಾಸಾಯನಿಕ, ಪರಾಗ, ಡಯಾಟಮ್, ಹುಳು ಹೀಗೆ ಎಲ್ಲ ಕಡೆಯಿಂದಲೂ ಪರೀಕ್ಷಿಸಿ, 1970ರಲ್ಲಿ ಇಯಾನುಲಾ ಎಂಬ ಹೆಸರಿನಲ್ಲಿ ಇಡೀ ಚರಿತ್ರೆಯನ್ನು ಪ್ರಕಟಿಸಿದರು. ಸಾವಿರಾರು ವರ್ಷ ಆ ಸರೋವರ ಬಡವಾಗಿಯೇ ಉಳಿದಿತ್ತು. ಹವಾಮಾನ ಬದಲಾಯಿತು, ಸುತ್ತಲಿನ ಗಿಡಮರ ಬದಲಾದವು, ಸರೋವರ ಮುಪ್ಪಾಗಲಿಲ್ಲ. ಆಮೇಲೆ ಕ್ರಿಸ್ತಪೂರ್ವ ಎರಡನೇ ಶತಮಾನದಲ್ಲಿ, 171ರ ಸುಮಾರಿಗೆ, ರೋಮನರು ಪಕ್ಕದಲ್ಲೇ ವಿಯಾ ಕಾಸಿಯಾ ಎಂಬ ಹೆದ್ದಾರಿ ಹಾಯಿಸಿದರು. ಕಾಡು ಬಿತ್ತು, ನೆಲ ಅಗೆಯಲಾಯಿತು, ನೀರು ಹರಿದು ಬರುವ ದಾರಿ ಬದಲಾಯಿತು. ಕೆಸರಿನಲ್ಲಿ ಅದೇ ಹೊತ್ತಿಗೆ ಫಲವತ್ತತೆ ಒಮ್ಮೆಗೇ ಏರಿದೆ. ಎರಡು ಸಾವಿರ ವರ್ಷಗಳ ಹಿಂದಿನ ಒಂದು ರಸ್ತೆ ಕಾಮಗಾರಿ ಸರೋವರದ ಸ್ವಭಾವವನ್ನೇ ಬದಲಿಸಿತ್ತು. ಕೆಲವು ಶತಮಾನಗಳ ಮೇಲೆ ಆ ಏರಿಕೆ ಮತ್ತೆ ಇಳಿದದ್ದೂ ಅಲ್ಲಿ ಬರೆದಿತ್ತು.

ಈ ಇಳಿಕೆ ನನ್ನ ದೃಷ್ಟಿಯಲ್ಲಿ ಏರಿಕೆಗಿಂತ ಮುಖ್ಯ. ಮುಪ್ಪು ಹಿಂದಕ್ಕೆ ಹೋಗುವುದಿಲ್ಲ, ಕಾಯಿಲೆ ವಾಸಿಯಾಗಬಹುದು. ತಾವೇ ಮೂವತ್ತು ವರ್ಷ ಹಿಂದೆ ಬೆಂಬಲಿಸಿದ್ದ ಚಿತ್ರವನ್ನು ಹಚಿನ್ಸನ್ ತಮ್ಮದೇ ಪುರಾವೆಯಿಂದ ತಿದ್ದಿದರು. 1969 ಮತ್ತು 1973ರ ಲೇಖನಗಳಲ್ಲಿ ಕೆರೆಯನ್ನು ಒಂಟಿಯಾಗಿ ನೋಡದೆ ಅದರ ಜಲಾನಯನ ಭೂಮಿ, ನೀರು ಮತ್ತು ಕೆಸರು ಮೂರನ್ನೂ ಸೇರಿಸಿ ಒಂದೇ ವ್ಯವಸ್ಥೆಯಾಗಿ ನೋಡಬೇಕೆಂದು ವಿವರಿಸಿದರು. ಪ್ರಾಧ್ಯಾಪಕರ ಪೀಠದಲ್ಲಿ ಕೂತವರು ಹಳೆಯ ಅಭಿಪ್ರಾಯವನ್ನು ಅಚ್ಚಿನಲ್ಲಿ ಬದಲಿಸುವುದು ಎಷ್ಟು ಅಪರೂಪ ಎಂಬುದು ಕಾಲೇಜುಗಳನ್ನು ಕಂಡವರಿಗೆ ಗೊತ್ತು.

ಆ ವರ್ಷಗಳಲ್ಲೇ ಉತ್ತರ ಅಮೆರಿಕದಲ್ಲಿ ದೊಡ್ಡ ಜಗಳ ನಡೆಯುತ್ತಿತ್ತು. ಈರಿ ಸರೋವರ ಹಸಿರು ಗಂಜಿಯಂತಾಗಿತ್ತು. ಬಟ್ಟೆ ಒಗೆಯುವ ಡಿಟರ್ಜೆಂಟ್ ಪುಡಿಯ ಫಾಸ್ಫೇಟ್ ಕಾರಣವೆಂದು ಒಂದು ಪಕ್ಷ, ರಂಜಕವಲ್ಲ ಇಂಗಾಲವೇ ಕಾರಣವೆಂದು ಇನ್ನೊಂದು ಪಕ್ಷ. ಸಾಬೂನು ಉದ್ಯಮಕ್ಕೆ ಎರಡನೆಯದು ಅನುಕೂಲವಾಗಿತ್ತು. ಕೆನಡಾದ ಪ್ರಯೋಗ ಸರೋವರಗಳಲ್ಲಿ ಡೇವಿಡ್ ಶಿಂಡ್ಲರ್ ಅವರ ತಂಡ 1973ರಲ್ಲಿ ಒಂದು ಸರೋವರವನ್ನು ಪರದೆಯಿಂದ ಎರಡು ಭಾಗ ಮಾಡಿತು. ಎರಡಕ್ಕೂ ಇಂಗಾಲ, ಸಾರಜನಕ ಹಾಕಿ, ಒಂದಕ್ಕೆ ಮಾತ್ರ ರಂಜಕವನ್ನೂ ಸೇರಿಸಿತು. ಆ ಭಾಗವಷ್ಟೇ ಹಸಿರಾಯಿತು. ಅಷ್ಟರಲ್ಲಿ 1972ರಲ್ಲೇ ಅಮೆರಿಕ ಮತ್ತು ಕೆನಡಾ ಮಹಾಸರೋವರಗಳ ನೀರಿನ ಗುಣಮಟ್ಟದ ಒಪ್ಪಂದಕ್ಕೆ ಸಹಿ ಹಾಕಿ, ರಂಜಕ ಕಡಿಮೆ ಮಾಡಲು ಹೊರಟಿದ್ದವು.

ಕೆಸರಿನ ಪದರಗಳಿಗೆ ಇಸವಿ ಹಾಕುವ ಕೆಲಸದಲ್ಲಿ ಭಾರತೀಯರ ಪಾಲೂ ಇದೆ. ಕಾರ್ಬನ್-14 ಸಾವಿರಾರು ವರ್ಷಗಳಿಗೆ ಸರಿ, ಕಳೆದ ನೂರು ವರ್ಷಗಳಿಗೆ ಅದು ಒರಟು ಅಳತೆಗೋಲು. ಸುಮಾರು 22 ವರ್ಷಗಳ ಅರ್ಧಾಯುಷ್ಯದ ಸೀಸ-210 ಬಳಸಿ ಸರೋವರದ ಕೆಸರಿಗೆ ವಯಸ್ಸು ಹೇಳುವ ವಿಧಾನವನ್ನು 1971ರಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಎಸ್. ಕೃಷ್ಣಸ್ವಾಮಿ ಮತ್ತು ದೇವೇಂದ್ರ ಲಾಲ್ ಇಬ್ಬರು ಫ್ರೆಂಚ್ ಸಹೋದ್ಯೋಗಿಗಳ ಜೊತೆ ಪ್ರಕಟಿಸಿದರು. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಕೆರೆಯ ಇತ್ತೀಚಿನ ಮಾಲಿನ್ಯದ ಚರಿತ್ರೆ ಬರೆದರೂ ಮೊದಲು ನೆನಪಾಗುವುದು ಈ ವಿಧಾನ. ಮೆಡಿಕಲ್, ಇಂಜಿನಿಯರಿಂಗ್ ಬಿಟ್ಟರೆ ಬೇರೆ ದಾರಿಯಿಲ್ಲ ಎಂದುಕೊಂಡಿರುವ ನಮ್ಮ ಮಕ್ಕಳ ಪೋಷಕರಿಗೆ ಇಂತಹ ಹೆಸರುಗಳು ತಲುಪುವುದೇ ಇಲ್ಲ.

ನಿವೃತ್ತಿಯ ನಂತರವೂ ಹಚಿನ್ಸನ್ ಬರೆಯುತ್ತಲೇ ಇದ್ದರು. ಸರೋವರ ವಿಜ್ಞಾನದ ಅವರ ಮಹಾಗ್ರಂಥದ ಮೊದಲ ಸಂಪುಟ 1957ರಲ್ಲಿ, ಎರಡನೆಯದು 1967ರಲ್ಲಿ, ಮೂರನೆಯದು 1975ರಲ್ಲಿ ಹೊರಬಂತು. ಆತ್ಮಕಥೆ 1979ರಲ್ಲಿ. 1986ರಲ್ಲಿ ಜಪಾನಿನ ಕ್ಯೋಟೊ ಪ್ರಶಸ್ತಿ ಬಂತು. ಬದುಕಿನ ಕೊನೆಯ ದಿನಗಳಲ್ಲಿ ಅವರು ಹುಟ್ಟಿದ ದೇಶಕ್ಕೆ ಮರಳಿದ್ದರು. 1991ರ ಮೇ 17ರಂದು ಲಂಡನ್‌ನಲ್ಲಿ, 88ನೇ ವಯಸ್ಸಿನಲ್ಲಿ ನಿಧನರಾದರು.

ಅದೇ 1991ರಲ್ಲಿ ಕ್ಲೇರ್ ಶೆಲ್ಸ್‌ಕಿ ಮತ್ತು ಡೇವಿಡ್ ಹೋಡೆಲ್ ಎಂಬ ವಿಜ್ಞಾನಿಗಳು ಒಂಟಾರಿಯೊ ಸರೋವರದ ಕೆಸರಿನ ಸಮಸ್ಥಾನಿಗಳ ಅಧ್ಯಯನ ಪ್ರಕಟಿಸಿದರು. 1995ರಲ್ಲಿ ಅವರು ಈರಿ ಸರೋವರದ ಕೆಸರನ್ನು ಓದಿದರು. ಕಲ್ಲಿದ್ದಲು ಮತ್ತು ಎಣ್ಣೆ ಸುಟ್ಟದ್ದರಿಂದ ಗಾಳಿಯ ಇಂಗಾಲವೇ ಹಗುರವಾಗುತ್ತಾ ಬಂದಿರುವುದಕ್ಕೆ ಲೆಕ್ಕ ತಿದ್ದಿಕೊಂಡ ಮೇಲೆ ಚಿತ್ರ ಸ್ಪಷ್ಟವಾಯಿತು. ಕಾರ್ಬನ್-13 ಮೇಲಕ್ಕೆ ಬರುತ್ತಾ ಬರುತ್ತಾ ಏರಿ, 1970ರ ದಶಕದಲ್ಲಿ ತುದಿ ಮುಟ್ಟಿ, ರಂಜಕದ ಹರಿವು ಕಡಿಮೆಯಾದಂತೆ ಇಳಿದಿತ್ತು. ಮೊಂಟೆರೋಸಿಯಲ್ಲಿ ಶತಮಾನಗಳು ಹಿಡಿದ ಇಳಿಕೆ ಇಲ್ಲಿ ಒಂದು ಕಾನೂನಿನ ನಂತರ ಕೆಲವೇ ವರ್ಷಗಳಲ್ಲಿ ಕೆಸರಿನಲ್ಲಿ ಕಂಡಿತು. ಆ ಗೆಲುವು ಶಾಶ್ವತವಾಗಲಿಲ್ಲ. ಹೊಲಗಳ ಗೊಬ್ಬರ ತೊಳೆದುಬಂದು ಈರಿಯಲ್ಲಿ ಪಾಚಿ ಮತ್ತೆ ಉಕ್ಕಿತು. 2014ರ ಆಗಸ್ಟ್‌ನಲ್ಲಿ ಟೊಲಿಡೊ ನಗರದ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಪಾಚಿಯ ವಿಷದಿಂದಾಗಿ ಕೆಲವು ದಿನ ನಲ್ಲಿಯ ನೀರು ಕುಡಿಯುವಂತಿರಲಿಲ್ಲ. ಆ ವರ್ಷದ ಪದರವೂ ಈಗ ತಳದಲ್ಲಿ ಕೂತಿದೆ.

ಹಚಿನ್ಸನ್ ಅವರ ಮಹಾಗ್ರಂಥದ ನಾಲ್ಕನೆಯ ಸಂಪುಟ ಅವರು ತೀರಿಹೋದಾಗ ಹಸ್ತಪ್ರತಿಯಲ್ಲಿತ್ತು. 1993ರಲ್ಲಿ ಅದನ್ನು ಸಂಪಾದಿಸಿ ಪ್ರಕಟಿಸಲಾಯಿತು. ಅದರ ವಿಷಯ ಸರೋವರದ ತಳದಲ್ಲಿ ಬದುಕುವ ಪ್ರಾಣಿಗಳು.